ಬಿಸಿಲಿಗಿಟ್ಟರೂ ಒಣಗದ ಕಾರಿನ ಕಾರ್ಪೆಟ್

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಸುರಿದ ಮಳೆ ನಿಮಗೆ ನೆನಪಿರಬಹುದು. ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಆಸುಪಾಸಿನ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಮನೆಯ ಮುಂದೆ, ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ನೀರು ನುಗ್ಗಿತು. ಆದರೆ ಕಾರಿನ ಒಳಗೆ ನೀರು ಬರಲು ಇಂಥ ಪ್ರವಾಹವೇ ಬೇಕೆಂದಿಲ್ಲ. ಬಾಗಿಲಿನ ರಬ್ಬರು ಸವೆದರೆ ಸಾಕು, ಗಾಜಿನ ಬುಡದಲ್ಲಿ ಒಂದು ಹಿಡಿ ತರಗೆಲೆ ಕೂತರೆ ಸಾಕು.

ನನ್ನ ಕಾರಿಗೆ ಆದದ್ದು ಈ ಎರಡನೆಯ ಬಗೆ. ಒಂದು ಮಳೆಗಾಲದ ಬೆಳಿಗ್ಗೆ ಎಡಬದಿಯ ಮುಂದಿನ ಆಸನದಲ್ಲಿ ಕುಳಿತ ನನ್ನ ಹೆಂಡತಿ, "ಇಲ್ಲಿ ಕಾಲಿಟ್ಟರೆ ಪಚಪಚ ಅನ್ನುತ್ತಲ್ಲ, ನೋಡಿ" ಎಂದಳು. ನೋಡಿದೆ. ರಬ್ಬರ್ ಮ್ಯಾಟ್ ಎತ್ತಿದಾಗ ಅದರ ಕೆಳಗಿನ ಕಾರ್ಪೆಟ್ ನೀರು ಕುಡಿದು ಕೂತಿತ್ತು. ಮ್ಯಾಟ್ ತೆಗೆದು ಹೊರಗಿಟ್ಟು, ಮಳೆ ಬಿಡುವು ಕೊಟ್ಟ ನಾಲ್ಕು ದಿನ ಕಾರನ್ನು ಕಾಲೇಜಿನ ಬಯಲಿನಲ್ಲಿ ಬಿಸಿಲಿಗೆ ನಿಲ್ಲಿಸಿದೆ. ಧೂಳು ಬೀಳದಿರಲೆಂದು ಗಾಜುಗಳನ್ನೆಲ್ಲ ಏರಿಸಿದ್ದೆ. ಬಾಗಿಲು ತೆರೆದರೆ ಮುಖಕ್ಕೆ ಒಲೆಯ ಝಳ ಹೊಡೆಯುತ್ತಿತ್ತು. ಇಷ್ಟು ಕಾವಿಗೆ ಒಣಗದೆ ಇದ್ದೀತೇ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಗಾಜುಗಳ ಒಳಮೈಯಲ್ಲಿ ಹನಿಗಟ್ಟಿದ ನೀರು. ಕಾರ್ಪೆಟ್ ಇನ್ನೂ ಒದ್ದೆ. ಜೊತೆಗೆ ಹಿಂದಿನ ಆಸನದ ಬಟ್ಟೆಯೂ ಮೆತ್ತಗಾಗಿತ್ತು. ಮುಗ್ಗಲು ವಾಸನೆ ಬೇರೆ. ಉಬ್ಬಸದ ತೊಂದರೆಯಿರುವ ನನ್ನ ಹೆಂಡತಿ ಆ ಕಾರಿನಲ್ಲಿ ಹತ್ತು ನಿಮಿಷ ಕೂರಲಾರದೆ ಹೋದಳು. ಇಪ್ಪತ್ತೈದು ವರ್ಷ ಆವಿಯ ಒತ್ತಡದ ಪಾಠ ಹೇಳಿದವನು ನಾನು! ಅಂದು ಸಂಜೆ ಕಾಗದ, ಪೆನ್ನು ಹಿಡಿದು ಮಾಡಿದ ಲೆಕ್ಕವನ್ನು ಮೊದಲ ದಿನವೇ ಮಾಡಿದ್ದರೆ ಕಾರನ್ನು ಹಾಗೆ ಮುಚ್ಚಿಡುತ್ತಿರಲಿಲ್ಲ. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಪಿ.ಯು.ಸಿ. ಮಟ್ಟದ ಭೌತಶಾಸ್ತ್ರ ಅದಕ್ಕೆ ಸಾಕು.

ನೀರು ಎಲ್ಲಿ ಅಡಗಿದೆ?

ಕಾಲಿಗೆ ತಗಲುವ ಕಾರ್ಪೆಟ್ ತೆಳುವಾದದ್ದು. ಸಾಮಾನ್ಯವಾಗಿ ಪಾಲಿಯೆಸ್ಟರ್ ಅಥವಾ ನೈಲಾನ್ ಎಳೆಗಳಿಂದ ಮಾಡಿದ್ದು. ಈ ಎಳೆಗಳು ತಾವಾಗಿ ನೀರನ್ನು ಹೀರುವುದು ಬಹಳ ಕಡಿಮೆ. ನೀರು ನಿಲ್ಲುವುದು ಎಳೆಗಳ ನಡುವಿನ ಸಂದುಗಳಲ್ಲಿ. ಕಾರ್ಪೆಟ್ಟಿನ ಕೆಳಗೆ, ಉಕ್ಕಿನ ತಳಹಾಳೆಯ ಮೇಲೆ, ಸದ್ದು ಮತ್ತು ಕಾವನ್ನು ತಡೆಯಲೆಂದು ಫೋಮ್ ಇಲ್ಲವೆ ಹಳೆ ಬಟ್ಟೆಯ ನಾರನ್ನು ಒತ್ತಿ ಮಾಡಿದ ದಪ್ಪ ಪದರವೊಂದು ಇರುತ್ತದೆ. ನಿಜವಾದ ಕೆರೆ ಇರುವುದು ಅಲ್ಲಿ.

ಎಷ್ಟು ನೀರು? ಒಂದು ಆಸನದ ಮುಂದೆ ಕಾಲಿಡುವ ಜಾಗ ಸುಮಾರು ಅರ್ಧ ಚದರ ಮೀಟರ್ ಎನ್ನೋಣ. ಕೆಳಪದರದ ದಪ್ಪ 2 ಸೆಂಟಿಮೀಟರ್. ಅಂದರೆ ಒಟ್ಟು ಗಾತ್ರ 10 ಲೀಟರ್. ಅದರಲ್ಲಿ ಅರ್ಧದಷ್ಟು ಸಂದುಗಳಲ್ಲಿ ನೀರು ತುಂಬಿದ್ದರೂ 5 ಲೀಟರ್ ಆಯಿತು. ಮೇಲೆ ಕೈಯಾಡಿಸಿದವರಿಗೆ "ಸ್ವಲ್ಪ ತೇವ" ಎಂದಷ್ಟೇ ತೋರುತ್ತದೆ.

ಈ ನೀರನ್ನು ಹಿಡಿದಿಡುವುದು ಮೇಲ್ಮೈ ಎಳೆತ. ಲೋಮನಾಳದಲ್ಲಿ ನೀರು ಏರುವ ಎತ್ತರದ ಸೂತ್ರ ನಿಮಗೆ ಗೊತ್ತಿದೆ. ನಾಳದ ತ್ರಿಜ್ಯ 0.1 ಮಿಲಿಮೀಟರ್ ಇದ್ದರೆ ನೀರು ಸುಮಾರು 15 ಸೆಂಟಿಮೀಟರ್ ಏರುತ್ತದೆ. ಫೋಮಿನ ಸಂದುಗಳನ್ನು ಇಂಥ ನಾಳಗಳೆಂದು ಭಾವಿಸಿದರೆ, ಎರಡು ಸೆಂಟಿಮೀಟರ್ ದಪ್ಪದ ಪದರದಿಂದ ನೀರು ತಾನಾಗಿ ಕೆಳಗೆ ಬಸಿದುಹೋಗುವ ಪ್ರಶ್ನೆಯೇ ಇಲ್ಲ. ಬದಲಿಗೆ ಅದು ಪಕ್ಕಕ್ಕೂ, ಇಳಿಜಾರಿಗೆ ಎದುರಾಗಿ ಮೇಲಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆಯಾದ ಜಾಗವೇ ಸೋರುವ ಜಾಗ ಎಂದು ತಿಳಿಯಬಾರದು.

ಹಿಂಡುವುದೋ, ಆವಿ ಮಾಡುವುದೋ?

ಈಗ ಶಕ್ತಿಯ ಲೆಕ್ಕಕ್ಕೆ ಬರೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು 2,430 ಕಿಲೋಜೂಲ್. 5 ಲೀಟರಿಗೆ 12 ಮೆಗಾಜೂಲ್ ದಾಟುತ್ತದೆ. ಇದು ಎಷ್ಟು ದೊಡ್ಡದೆಂದು ತಿಳಿಯಲು, ಒಂದು ಟನ್ ತೂಕದ ನಿಮ್ಮ ಕಾರನ್ನೇ ನೆಟ್ಟಗೆ ಮೇಲೆತ್ತುವ ಕೆಲಸಕ್ಕೆ ಇದನ್ನು ಹೋಲಿಸಿ. 12 ಮೆಗಾಜೂಲ್ ಶಕ್ತಿಯಲ್ಲಿ ಅದನ್ನು 1,200 ಮೀಟರ್ ಎತ್ತಬಹುದು. ಮಂಗಳೂರಿನ ಕಡಲ ಮಟ್ಟದಿಂದ ಮಡಿಕೇರಿಯ ಎತ್ತರ ಹೆಚ್ಚುಕಡಿಮೆ ಇಷ್ಟೇ.

ಅದೇ ನೀರನ್ನು ದ್ರವವಾಗಿಯೇ ಹೊರತೆಗೆದರೆ? ಮೇಲೆ ಹೇಳಿದ ಸಂದುಗಳು ನೀರನ್ನು ಹಿಡಿದಿರುವ ಒತ್ತಡ ಸುಮಾರು 1,500 ಪಾಸ್ಕಲ್. ಅದನ್ನು ಮೀರಿ 3 ಲೀಟರ್ ಹೊರಗೆಳೆಯಲು ಬೇಕಾದ ಕನಿಷ್ಠ ಕೆಲಸ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ, ಅಂದರೆ ನಾಲ್ಕೂವರೆ ಜೂಲ್. ಇದೇ 3 ಲೀಟರನ್ನು ಆವಿ ಮಾಡಲು 70 ಲಕ್ಷ ಜೂಲ್‌ಗಿಂತ ಹೆಚ್ಚು ಬೇಕು. ವಾಸ್ತವದಲ್ಲಿ ಹಿಂಡುವಾಗ ನೂರು ಪಟ್ಟು ಶಕ್ತಿ ವ್ಯರ್ಥವಾದರೂ ಈ ಅಂತರ ಹಾಗೆಯೇ ಉಳಿಯುತ್ತದೆ.

ಹೀಗಾಗಿ ಮೊದಲ ಕೆಲಸ ಒಣಗಿಸುವುದಲ್ಲ, ಹಿಂಡುವುದು. ದಪ್ಪ ಹತ್ತಿಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಾರ್ಪೆಟ್ ಮೇಲೆ ಹಾಸಿ ಅದರ ಮೇಲೆ ನಿಲ್ಲಿ. 60 ಕಿಲೋ ತೂಕದವರು ಒಂದೇ ಕಾಲಿನ ಮೇಲೆ ನಿಂತರೆ ಪಾದದ ಕೆಳಗಿನ ಒತ್ತಡ 40,000 ಪಾಸ್ಕಲ್ ಮೀರುತ್ತದೆ. ಫೋಮ್ ಕುಗ್ಗಿ ನೀರು ಹೊರಬರುತ್ತದೆ. ಟವೆಲಿನ ಎಳೆಗಳ ನಡುವಿನ ಸಂದುಗಳು ಇನ್ನೂ ಕಿರಿದಾದ್ದರಿಂದ ಆ ನೀರು ಅಲ್ಲಿಗೆ ಸೆಳೆಯಲ್ಪಡುತ್ತದೆ. ಟವೆಲ್ ಹಿಂಡಿ ಮತ್ತೆ ಹಾಸಿ. ಹಳೆಯ ದಿನಪತ್ರಿಕೆಯ ಕಟ್ಟೂ ಆದೀತು. ನೀರು ಹೀರುವ ಬಗೆಯ ವ್ಯಾಕ್ಯೂಮ್ ಕ್ಲೀನರ್ ಸಿಕ್ಕರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಧೂಳು ತೆಗೆಯಲು ಬಳಸುವ ಸಾಧಾರಣ ಯಂತ್ರವನ್ನು ಮಾತ್ರ ಇದಕ್ಕೆ ಹಚ್ಚಬೇಡಿ. ಅದರ ಮೋಟಾರಿಗೆ ನೀರು ಹೋಗಿ ವಿದ್ಯುದಾಘಾತವಾಗುವ ಅಪಾಯವಿದೆ.

ಮುಚ್ಚಿದ ಕಾರು ಒಂದು ಭಟ್ಟಿ

ಹಿಂಡಿದ ಮೇಲೂ ಒಂದೆರಡು ಲೀಟರ್ ಉಳಿಯುತ್ತದೆ. ಇದು ಆವಿಯಾಗಿಯೇ ಹೋಗಬೇಕು. ಎಲ್ಲಿಗೆ ಹೋಗಬೇಕು ಎಂಬುದನ್ನು ನಾನು ಮರೆತದ್ದೇ ತಪ್ಪಾಯಿತು.

ಒಂದು ಘನ ಮೀಟರ್ ಜಾಗದಲ್ಲಿ ಹಿಡಿಸುವ ನೀರಾವಿಗೆ ಒಂದು ಮಿತಿಯಿದೆ. 20 ಡಿಗ್ರಿಯಲ್ಲಿ ಅದು ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ, 50 ಡಿಗ್ರಿಯಲ್ಲಿ 83 ಗ್ರಾಂ. ಸಾಮಾನ್ಯ ಕಾರಿನ ಒಳಗಿನ ಅವಕಾಶ ಸುಮಾರು 3 ಘನ ಮೀಟರ್. ಮುಚ್ಚಿದ ಕಾರು ಬಿಸಿಲಿನಲ್ಲಿ 50 ಡಿಗ್ರಿಗೆ ಕಾದರೂ ಅದರೊಳಗೆ ಹಿಡಿಸುವ ಆವಿ 250 ಗ್ರಾಂ ಮಾತ್ರ, ಒಂದು ದೊಡ್ಡ ಲೋಟ ನೀರು. ಅಷ್ಟಾದ ಮೇಲೆ ಗಾಳಿ ಸಂತೃಪ್ತವಾಗುತ್ತದೆ. ಕಾರ್ಪೆಟ್ಟಿನಿಂದ ಎಷ್ಟು ಅಣುಗಳು ಹೊರಡುತ್ತವೆಯೋ ಅಷ್ಟೇ ಅಣುಗಳು ಮರಳಿ ಬಂದು ಕೂರುತ್ತವೆ.

ಈ 250 ಗ್ರಾಂ ಕೂಡ ಉದಾರವಾದ ಲೆಕ್ಕ. ಕಾಯುವುದು ಕಾರಿನ ಚಾವಣಿ, ಡ್ಯಾಶ್‌ಬೋರ್ಡ್, ಆಸನಗಳ ಮೇಲ್ಭಾಗ. ಬಿಸಿ ಗಾಳಿ ಮೇಲೇ ನಿಲ್ಲುತ್ತದೆ. ಕಾಲಿಡುವ ಜಾಗ ಡ್ಯಾಶ್‌ಬೋರ್ಡಿನ ನೆರಳಿನಲ್ಲಿ ತಣ್ಣಗಿರುತ್ತದೆ. ನೀರಿನ ಆವಿಯ ಒತ್ತಡವನ್ನು ನಿರ್ಧರಿಸುವುದು ಒದ್ದೆ ಕಾರ್ಪೆಟ್ಟಿನ ಉಷ್ಣತೆಯೇ ಹೊರತು ಬಾಗಿಲು ತೆರೆದಾಗ ನಮ್ಮ ಮುಖಕ್ಕೆ ಬಡಿಯುವ ಗಾಳಿಯ ಉಷ್ಣತೆಯಲ್ಲ.

ಸಂಜೆಯಾಗಲಿ. ಗಾಜು ಮತ್ತು ತಗಡು ಎಲ್ಲಕ್ಕಿಂತ ಮೊದಲು ತಣಿಯುತ್ತವೆ. ಒಳಗಿನ ಗಾಳಿ 20 ಡಿಗ್ರಿಗೆ ಇಳಿದಾಗ ಅದು ಹಿಡಿಯಬಲ್ಲ ಆವಿ 51 ಗ್ರಾಂ. ಉಳಿದ 200 ಗ್ರಾಂ ಸಾಂದ್ರೀಕರಿಸಿ ಗಾಜಿನ ಮೇಲೆ ಹನಿಯಾಗುತ್ತದೆ, ಚಾವಣಿಯ ಬಟ್ಟೆಗೆ ಇಳಿಯುತ್ತದೆ, ಆಸನಗಳನ್ನು ಸೇರುತ್ತದೆ. ಮರುದಿನ ಮತ್ತೆ ಇದೇ ಆವರ್ತ. ಕಾರು ಒಂದು ಭಟ್ಟಿಯಂತೆ ಕೆಲಸ ಮಾಡಿ, ನೆಲದ ನೀರನ್ನು ಕಾರಿನ ತುಂಬ ಹಂಚುತ್ತದೆ. ನಾಲ್ಕು ದಿನದಲ್ಲಿ ನನ್ನ ಹಿಂದಿನ ಆಸನ ಮೆತ್ತಗಾದದ್ದು ಹೀಗೆ.

ಬೆಚ್ಚನೆಯ ತೇವ ಬೂಷ್ಟಿಗೆ ಹೇಳಿ ಮಾಡಿಸಿದ ಪರಿಸರ. ಒದ್ದೆಯಾದ ಸಾಮಗ್ರಿಯನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಬೆಳೆಯುವುದನ್ನು ಬಹುಮಟ್ಟಿಗೆ ತಡೆಯಬಹುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಾನು ಕಳೆದದ್ದು ಅದರ ಎರಡರಷ್ಟು ಕಾಲ. ಸುಗಂಧದ ಡಬ್ಬಿ ತಂದಿಟ್ಟರೆ ವಾಸನೆ ಮರೆಯಾಗಬಹುದು, ಬೂಷ್ಟಿನ ಬೀಜಕಣಗಳು ಹೋಗುವುದಿಲ್ಲ. ಉಬ್ಬಸ ಇರುವವರಿಗೆ ತೊಂದರೆ ಕೊಡುವುದು ಈ ಕಣಗಳು.

ಗಾಳಿ ಬದಲಾಗಬೇಕು, ಕಾವೂ ಬೇಕು

ಹಾಗಾದರೆ ಕಿಟಕಿ ತೆರೆದು ಫ್ಯಾನ್ ಇಟ್ಟರೆ ಆಯಿತಲ್ಲವೇ? ಅರ್ಧ ಆಯಿತು. ಆವೀಕರಣ ತಂಪುಂಟುಮಾಡುವ ಕ್ರಿಯೆ. ಪ್ರಯೋಗಶಾಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕ ಒಣ ಮಾಪಕಕ್ಕಿಂತ ಕಡಿಮೆ ತೋರಿಸುವುದನ್ನು ನೀವು ನೋಡಿದ್ದೀರಿ. ಕಾರ್ಪೆಟ್ ಕೂಡ ಒಂದು ದೊಡ್ಡ ಒದ್ದೆ ಮಾಪಕವೇ. ಹೊರಗಿನ ಗಾಳಿ 30 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 60 ಇದ್ದಾಗ ಅದರ ಮೇಲ್ಮೈ 24 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಆಗ ಹಾದುಹೋಗುವ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 3 ಗ್ರಾಂ ನೀರನ್ನು ಒಯ್ದೀತು. ಬಿಸಿಲಿನಿಂದಲೋ ಬಿಸಿ ಗಾಳಿಯಿಂದಲೋ ಕಾರ್ಪೆಟ್ಟನ್ನು 35 ಡಿಗ್ರಿಯಲ್ಲಿ ಉಳಿಸಿಕೊಂಡರೆ ಅದೇ ಗಾಳಿ 20 ಗ್ರಾಂವರೆಗೆ ಒಯ್ಯಬಲ್ಲದು. ಬಾಗಿಲು ತೆರೆದಿಟ್ಟ ಕಾರು, ನೇರ ಬಿಸಿಲು, ಕಾಲಿಡುವ ಜಾಗಕ್ಕೆ ಮುಖ ಮಾಡಿದ ಟೇಬಲ್ ಫ್ಯಾನ್, ಈ ಮೂರೂ ಸೇರಿದರೆ ಮೈದಾನ ಸೀಮೆಯಲ್ಲಿ ಚೆನ್ನಾಗಿ ಕೆಲಸವಾಗುತ್ತದೆ.

ಕರಾವಳಿಯ ಜುಲೈ ತಿಂಗಳ ಮಾತೇ ಬೇರೆ. 27 ಡಿಗ್ರಿ, ಶೇಕಡಾ 90 ಆರ್ದ್ರತೆಯ ಗಾಳಿ ಕಾವಿನ ನೆರವಿಲ್ಲದೆ ಘನ ಮೀಟರಿಗೆ ಒಂದು ಗ್ರಾಂ ನೀರನ್ನೂ ಎತ್ತಿಕೊಳ್ಳಲಾರದು. ಉಡುಪಿ, ಕಾರವಾರದ ಓದುಗರು ಅಂಗಳದ ಬಟ್ಟೆ ವಾರವಾದರೂ ಒಣಗದ್ದನ್ನು ಕಂಡವರೇ. ಅಲ್ಲಿ ಕಾರಿನ ಎ.ಸಿ.ಯೇ ನೆರವಿಗೆ ಬರುತ್ತದೆ. ಎ.ಸಿ. ಗಾಳಿಯನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಅದರ ತಣ್ಣನೆಯ ಸುರುಳಿಯನ್ನು ದಾಟಿ 10 ಡಿಗ್ರಿಯಲ್ಲಿ ಹೊರಬರುವ ಗಾಳಿಯಲ್ಲಿ ಘನ ಮೀಟರಿಗೆ 9 ಗ್ರಾಂ ಆವಿ ಉಳಿದಿರುತ್ತದೆ. ಮಿಕ್ಕದ್ದು ನೀರಾಗಿ ಕೊಳವೆಯ ಮೂಲಕ ರಸ್ತೆಗೆ ತೊಟ್ಟಿಕ್ಕುತ್ತದೆ. ಹೀಟರ್ ಇರುವ ಕಾರುಗಳಲ್ಲಿ ಎ.ಸಿ. ಗುಂಡಿ ಒತ್ತಿ, ಉಷ್ಣತೆಯ ತಿರುಪನ್ನು ಬಿಸಿಯ ಕಡೆಗೆ ತಿರುಗಿಸಿ, ಗಾಳಿಯನ್ನು ಕಾಲಿನ ಕಡೆಗೆ ಹರಿಸಬಹುದು. ಆ 9 ಗ್ರಾಂ ಆವಿಯ ಗಾಳಿ 40 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 20ಕ್ಕಿಂತ ಕೆಳಗಿರುತ್ತದೆ. ಬಯಲುಸೀಮೆಯ ಬೇಸಿಗೆ ಮಧ್ಯಾಹ್ನವನ್ನು ಕಾರಿನೊಳಗೆ ತಂದಂತೆ. ಈ ಹೊತ್ತಿನಲ್ಲಿ ಮಾತ್ರ ಗಾಜುಗಳು ಮುಚ್ಚಿರಬೇಕು, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟಿರಬೇಕು. ಇಂಜಿನ್ ಓಡುತ್ತಿರುವುದರಿಂದ ಕಾರು ಬಯಲಿನಲ್ಲಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣವನ್ನೇ ತೆಗೆದೀತು.

ಅಕ್ಕಿ, ಸೋಡಾ ಪುಡಿ, ಸಿಲಿಕಾ ಜೆಲ್ ಪೊಟ್ಟಣ ಇಡುವವರಿದ್ದಾರೆ. ಸಿಲಿಕಾ ಜೆಲ್ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರಾವಿ ಹಿಡಿದರೆ ಹೆಚ್ಚು. ಎರಡು ಲೀಟರ್ ನೀರಿಗೆ ಆರು ಕಿಲೋ ಬೇಕು. ಔಷಧಿ ಡಬ್ಬಿಯಲ್ಲಿ ಬರುವ ಪೊಟ್ಟಣ ಒಂದು ಗ್ರಾಂನದು. ಮುಂದೆ ಹೇಳುವ ಅಗತ್ಯವಿಲ್ಲ.

ಮೇಲೆ ಒಣ, ಕೆಳಗೆ ಕೆರೆ

ಮೋಸ ಹೋಗುವ ಜಾಗ ಇದು. ಒದ್ದೆ ವಸ್ತು ಒಣಗುವುದು ಎರಡು ಹಂತಗಳಲ್ಲಿ. ಅಮೆರಿಕದ ರಾಸಾಯನಿಕ ಎಂಜಿನಿಯರ್ ಟಿ. ಕೆ. ಶೆರ್ವುಡ್ ಘನವಸ್ತುಗಳ ಒಣಗುವಿಕೆಯನ್ನು ಕುರಿತು 1929ರಲ್ಲಿ ಪ್ರಕಟಿಸಿದ ಲೇಖನಗಳು ಈ ವಿಷಯದಲ್ಲಿ ಇಂದಿಗೂ ಸ್ಮರಣೀಯ. ಮೊದಲ ಹಂತದಲ್ಲಿ ಲೋಮನಾಳಗಳು ಒಳಗಿನ ನೀರನ್ನು ಮೇಲ್ಮೈಗೆ ತಂದು ಕೊಡುತ್ತಿರುತ್ತವೆ. ಮೇಲ್ಮೈ ಸದಾ ಒದ್ದೆ. ಆದ್ದರಿಂದ ತೆರೆದ ತಟ್ಟೆಯ ನೀರಿನಂತೆ ಒಂದೇ ವೇಗದಲ್ಲಿ ಒಣಗುತ್ತದೆ. ನೀರು ಕಡಿಮೆಯಾದಂತೆ ಈ ಸರಬರಾಜು ಕಡಿಯುತ್ತದೆ. ಒದ್ದೆಯ ಅಂಚು ಒಳಕ್ಕೆ ಸರಿಯುತ್ತದೆ. ಇನ್ನು ಆವಿಯು ಒಣ ಪದರದ ಸಂದುಗಳೊಳಗಿಂದ ವಿಸರಣೆಯಾಗಿ ಹೊರಬರಬೇಕು. ಫ್ಯಾನಿನ ಗಾಳಿ ಅಲ್ಲಿಗೆ ಮುಟ್ಟುವುದಿಲ್ಲ. ವೇಗ ಇಳಿಯುತ್ತಲೇ ಹೋಗುತ್ತದೆ.

ವಿಸರಣೆಗೆ ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಕೆಳಗೆ ಉಕ್ಕಿನ ಹಾಳೆ ಇರುವುದರಿಂದ ಆವಿಗೆ ಮೇಲಿನ ದಾರಿ ಒಂದೇ. ಕಾರ್ಪೆಟ್ಟನ್ನು ಎತ್ತಿ ಕೆಳಪದರದ ಎರಡೂ ಮುಖಕ್ಕೆ ಗಾಳಿ ಸಿಗುವಂತೆ ಮಾಡಿದರೆ ಆವಿ ಕ್ರಮಿಸಬೇಕಾದ ದೂರ ಅರ್ಧಕ್ಕಿಳಿಯುತ್ತದೆ, ಕಾಲ ಕಾಲುಭಾಗಕ್ಕೆ. ಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ತೆಗೆದರೆ ಸಾಮಾನ್ಯವಾಗಿ ಕಾರ್ಪೆಟ್ಟಿನ ಅಂಚನ್ನು ಒಂದಡಿಯಷ್ಟು ಮೇಲೆತ್ತಬಹುದು. ಕೆಳಗೆ ಎರಡು ಮರದ ತುಂಡು ಕೊಟ್ಟು ನಿಲ್ಲಿಸಿ. ನಮ್ಮ ಊರಿನ ರಸ್ತೆಬದಿಯ ಮೆಕ್ಯಾನಿಕ್ ನನ್ನ ಕಾರಿಗೆ ಮಾಡಿದ ಮೊದಲ ಕೆಲಸ ಇದೇ. "ಅಡಿಯಿಂದ ಗಾಳಿಯಾಡಲಿ ಸಾರ್" ಎಂದಷ್ಟೇ ಹೇಳಿದ. ವರ್ಗದ ನಿಯಮ ಅವನಿಗೆ ಬೇಕಿರಲಿಲ್ಲ.

ಆಸನವನ್ನೇ ಬಿಚ್ಚಬೇಕಾದರೆ ಎಚ್ಚರ. ಆಸನದ ಕೆಳಗೆ ಹಳದಿ ಬಣ್ಣದ ಜೋಡಣೆಗಳು ಕಂಡರೆ ಅವು ಏರ್‌ಬ್ಯಾಗ್ ಇಲ್ಲವೆ ಸೀಟ್‌ಬೆಲ್ಟಿಗೆ ಸಂಬಂಧಿಸಿದವು. ಬ್ಯಾಟರಿಯ ಸಂಪರ್ಕ ಇರುವಾಗ ಅವನ್ನು ಮುಟ್ಟದೆ ಬಲ್ಲವರಿಗೆ ಬಿಡಿ. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳ ಹತ್ತಿರವೂ ಸುಳಿಯಬಾರದು. ಒಳಗೆ ಬಂದದ್ದು ಚರಂಡಿ ಬೆರೆತ ಪ್ರವಾಹದ ನೀರಾದರೆ ಕೆಳಪದರವನ್ನು ಒಣಗಿಸುವ ಯೋಚನೆಯನ್ನೇ ಬಿಟ್ಟು ಬಿಸಾಡುವುದು ಮೇಲು.

ಒಣಗಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಚದರಡಿ ಪಾಲಿಥೀನ್ ಹಾಳೆಯನ್ನು ಕಾರ್ಪೆಟ್ ಮೇಲೆ ಹಾಸಿ, ಅಂಚುಗಳಿಗೆ ಅಂಟುಪಟ್ಟಿ ಹಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಕೆಳಗೆ ಇನ್ನೂ ನೀರಿದೆ.

ನೀರು ಬಂದದ್ದೆಲ್ಲಿಂದ?

ದಾರಿ ಮುಚ್ಚದೆ ಒಣಗಿಸಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಮಳೆಯಿಲ್ಲದ ದಿನವೂ ಎ.ಸಿ. ಹಾಕಿದ ಮೇಲೆ ಒದ್ದೆಯಾದರೆ ಎ.ಸಿ. ನೀರಿನ ಕೊಳವೆ ಕಟ್ಟಿಕೊಂಡಿದೆ ಎಂದರ್ಥ. ತೇವದ ದಿನಗಳಲ್ಲಿ ಹೊರಗಿನ 30 ಡಿಗ್ರಿ, ಶೇಕಡಾ 80 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ 24 ಗ್ರಾಂ ಆವಿ ಇರುತ್ತದೆ. 100 ಘನ ಮೀಟರ್ ಗಾಳಿ ಸುರುಳಿಯನ್ನು ದಾಟುವಷ್ಟರಲ್ಲಿ ಒಂದೂವರೆ ಲೀಟರ್ ನೀರು ಕಾರಿನ ನೆಲ ಸೇರಿರುತ್ತದೆ. ಇಂಥ ಕಾರಿನಲ್ಲಿ ಮೇಲೆ ಹೇಳಿದ ಎ.ಸಿ. ಉಪಾಯಕ್ಕೆ ಹೊರಟರೆ ಒಂದು ಕೈಯಲ್ಲಿ ತೆಗೆದ ನೀರನ್ನು ಇನ್ನೊಂದು ಕೈಯಲ್ಲಿ ಸುರಿದಂತೆ. ಒದ್ದೆ ಜಾಗ ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರಿದ ಇಂಜಿನ್ ತಂಪುಕಾರಕ. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ವಿಷ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಿ.

ನನ್ನ ಕಾರಿನಲ್ಲಿ ತಪ್ಪಿದ್ದದ್ದು ವೈಪರಿನ ಬುಡದಲ್ಲಿ. ಮುಂದಿನ ಗಾಜಿನ ಮೇಲೆ ಬಿದ್ದ ನೀರು ಅಲ್ಲಿಯ ಕಾಲುವೆಗೆ ಇಳಿದು ಎರಡು ಬದಿಯ ರಂಧ್ರಗಳ ಮೂಲಕ ಹೊರಹೋಗಬೇಕು. ಕಾಲೇಜಿನ ಮಳೆಮರದ ಕೆಳಗೆ ವರ್ಷಗಟ್ಟಲೆ ನಿಲ್ಲಿಸಿದ್ದರ ಫಲವಾಗಿ ಎಡಬದಿಯ ರಂಧ್ರ ಎಲೆಯ ಕೊಳೆಯಿಂದ ಮುಚ್ಚಿಹೋಗಿತ್ತು. ಅಲ್ಲಿ ಕಟ್ಟಿನಿಂತ ನೀರು ಗಾಳಿ ಒಳಗೆಳೆಯುವ ದಾರಿಯಲ್ಲಿ ಇಳಿದಿತ್ತು. ಒಂದು ಹಿಡಿ ಕೊಳೆ ತೆಗೆಯಲು ಐದು ನಿಮಿಷ ಹಿಡಿಯಿತು. ಕೆಳಪದರ ಒಣಗಲು ಐದು ದಿನ. ತಳಹಾಳೆಯಲ್ಲಿ ಅಂಗೈ ಅಗಲ ತುಕ್ಕು ಬಂದಿತ್ತು. ಉಜ್ಜಿ ಬಣ್ಣ ಹಚ್ಚಿಸಿದ್ದಾಯಿತು. ಹಿಂದಿನ ಆಸನದ ಹೊದಿಕೆ ಬದಲಿಸಿದ ಮೇಲೆಯೇ ನನ್ನ ಹೆಂಡತಿ ಮತ್ತೆ ಆ ಕಾರು ಹತ್ತಿದ್ದು.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಮಾಡಿಸಬಹುದು. ಹಾಸಿಗೆ ಅಂಗಡಿಯಿಂದ ಫೋಮ್ ತುಂಡು ತಂದು 10 ಸೆಂಟಿಮೀಟರ್ ಚೌಕದ ನಾಲ್ಕು ಚೂರು ಮಾಡಿ. ಮೂರು ಚೂರು 2 ಸೆಂಟಿಮೀಟರ್ ದಪ್ಪ, ಒಂದು 4 ಸೆಂಟಿಮೀಟರ್ ದಪ್ಪ ಇರಲಿ. ತೆಳು ಚೂರುಗಳಿಗೆ 100 ಗ್ರಾಂ, ದಪ್ಪ ಚೂರಿಗೆ 200 ಗ್ರಾಂ ನೀರು ಕುಡಿಸಿ. ಒಂದು ತೆಳು ಚೂರನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿಟ್ಟು ಬಿಸಿಲಿಗೆ, ಇನ್ನೊಂದನ್ನು ತೆರೆದ ತಟ್ಟೆಯಲ್ಲಿ ಬಿಸಿಲಿಗೆ, ಮೂರನೆಯದನ್ನು ನೆರಳಿನಲ್ಲಿ ಫ್ಯಾನಿನ ಮುಂದೆ, ದಪ್ಪದ್ದನ್ನೂ ಅದರ ಪಕ್ಕದಲ್ಲೇ ಇಡಿ. ಅಡುಗೆಮನೆಯ ವಿದ್ಯುನ್ಮಾನ ತಕ್ಕಡಿಯಲ್ಲಿ ಅರ್ಧ ಗಂಟೆಗೊಮ್ಮೆ ತೂಗಿ, ಕಾಲಕ್ಕೆ ಎದುರಾಗಿ ತೂಕದ ನಕ್ಷೆ ಎಳೆಯಿರಿ. ನಕ್ಷೆ ನೇರ ಗೆರೆಯಿಂದ ಬಾಗಲು ತೊಡಗುವ ಬಿಂದುವನ್ನು ವಿದ್ಯಾರ್ಥಿಗಳು ತಾವೇ ಗುರುತಿಸಲಿ. ತೂಗುವುದಕ್ಕೆ ಮೊದಲು, ಯಾವ ಚೂರು ಎಲ್ಲಕ್ಕಿಂತ ಬೇಗ ಒಣಗೀತೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದಿಡಲಿ. ನನ್ನ ಪದವಿ ತರಗತಿಯಲ್ಲಿ ಹೆಚ್ಚು ಚೀಟಿಗಳು ಬಿದ್ದದ್ದು ಮುಚ್ಚಿದ ಡಬ್ಬಿಗೆ. ಕಾರಿನ ಕಥೆಯನ್ನು ನಾನು ಅವರಿಗೆ ಹೇಳಿದ್ದು ಚೀಟಿ ಬಿಚ್ಚಿದ ಮೇಲೆ.